ಪೆಟ್ರೋಲ್ ಜೀಪಿಗೆ ಡೀಸೆಲ್ ಗುಂಡಿಗೆ: ಓಟ ಹೆಚ್ಚಿತು, ಬ್ರೇಕ್ ಹೆಚ್ಚಿತೇ?

ಚಿಕ್ಕಮಗಳೂರು, ಮೂಡಿಗೆರೆ, ಸಕಲೇಶಪುರ, ಮಡಿಕೇರಿ... ಈ ಊರುಗಳ ಯಾವ ಬಸ್‌ಸ್ಟ್ಯಾಂಡಿನಲ್ಲಿ ನಿಂತರೂ ಸರಿ, ಬಸ್ಸು ಬರುವುದರೊಳಗೆ ಒಂದಾದರೂ ಹಳೇ ಜೀಪು ಕಣ್ಣಿಗೆ ಬೀಳದೆ ಇರದು. ಹಿಂದೆ ಮೆಣಸಿನ ಮೂಟೆ, ಮೂಟೆಯ ಮೇಲೆ ಆಳುಗಳು, ಆಳುಗಳ ಕಾಲಡಿಯಲ್ಲಿ ರೇಷನ್ ಸಾಮಾನು. ನೋಡಿದವರು 'ಇದು ನಮ್ಮಜ್ಜನ ಕಾಲದ ಗಾಡಿ, ಇನ್ನೂ ಓಡ್ತಾ ಇದೆಯಲ್ಲ!' ಎಂದು ಮೆಚ್ಚಿಕೊಳ್ಳುತ್ತಾರೆ.

ಅಜ್ಜನ ಕಾಲದ್ದು ನಿಜ. ಆದರೆ ಪೂರ್ತಿ ಅಲ್ಲ. ಬಾನೆಟ್ ಎತ್ತಿ ನೋಡಿದರೆ ಗುಟ್ಟು ರಟ್ಟಾಗುತ್ತದೆ. ಮೂತಿ ಒಂದು ಕಾಲದ್ದು, ಎಂಜಿನ್ ಇನ್ನೊಂದು ಕಾಲದ್ದು. ಗೇರ್‌ಬಾಕ್ಸ್ ಮತ್ಯಾವುದೋ ಗಾಡಿಯದು, ಆಕ್ಸಲ್ ಗುಜರಿಯಿಂದ ಬಂದದ್ದು. ಆರ್.ಸಿ. ಪುಸ್ತಕ ಮಾತ್ರ ಮೊದಲಿನದೇ!

ಗುಜರಿಗೆ ಹೋಗಬೇಕಾದ ಗಾಡಿಯನ್ನು ನಮ್ಮ ಮೇಸ್ತ್ರಿಗಳು ಎಬ್ಬಿಸಿ ಓಡಿಸುತ್ತಾರೆ. ಅದು ಸಣ್ಣ ವಿದ್ಯೆಯೇನಲ್ಲ. ಆದರೆ ಘಾಟಿಯ ಇಳಿಜಾರಿನಲ್ಲಿ ಆ ಗಾಡಿಯಲ್ಲಿ ಕುಳಿತವರು ಆಳುಗಳು, ಶಾಲೆ ಮಕ್ಕಳು, ಬೆಟ್ಟ ನೋಡಲು ಬಂದ ಪ್ರವಾಸಿಗಳು. ಎದುರಿನಿಂದ ಬರುವ ಬಸ್ಸಿನಲ್ಲಿ ಕುಳಿತವರು ನೀವು. ಹಾಗಾಗಿ ಈ ಕೂಡಿಕೆಯ ಲೆಕ್ಕ ಎಲ್ಲರೂ ಸ್ವಲ್ಪ ತಿಳಿದಿರುವುದು ಒಳ್ಳೆಯದು.

ಯುದ್ಧದಿಂದ ತೋಟಕ್ಕೆ

ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧದ ಹೊತ್ತಿನಲ್ಲಿ, ಅಮೆರಿಕದ ಸೈನ್ಯಕ್ಕಾಗಿ. ಯುದ್ಧ ಮುಗಿದ ಮೇಲೆ, 1940ರ ದಶಕದ ಕೊನೆಗೆ, ಮಹೀಂದ್ರ ಕಂಪನಿ ಬೊಂಬಾಯಿಯಲ್ಲಿ ವಿಲ್ಲೀಸ್ ಜೀಪನ್ನು ಜೋಡಿಸಲು ಶುರು ಮಾಡಿತು. ಆಮೇಲೆ ಬಂದದ್ದು ಎತ್ತರದ ಬಾನೆಟ್ಟಿನ ಸಿ.ಜೆ. 3ಬಿ. ಬಾನೆಟ್ ಎತ್ತರವಾಗಲು ಕಾರಣ ಒಳಗಿದ್ದ ಹರಿಕೇನ್ ಎಂಬ ಪೆಟ್ರೋಲ್ ಎಂಜಿನ್. ಅದು ಹಳೆಯದಕ್ಕಿಂತ ಎತ್ತರವಾಗಿತ್ತು, ಹಳೇ ಬಾನೆಟ್ಟಿನಡಿ ಹಿಡಿಯಲಿಲ್ಲ!

1973ರಲ್ಲಿ ಪ್ರಪಂಚಕ್ಕೆಲ್ಲ ತೈಲದ ಬಿಕ್ಕಟ್ಟು ಬಂತು. ಪೆಟ್ರೋಲ್ ಬೆಲೆ ಗಗನಕ್ಕೇರಿತು, ಡೀಸೆಲ್ ಅಗ್ಗವಾಗಿಯೇ ಉಳಿಯಿತು. ಗುಡ್ಡ ಹತ್ತುವಾಗ ಪೆಟ್ರೋಲನ್ನು ನೀರಿನ ಹಾಗೆ ಕುಡಿಯುವ ಜೀಪನ್ನು ಸಾಕುವವರು ಯಾರು? ಅಲ್ಲಿಂದ ಶುರುವಾಯಿತು ಎಂಜಿನ್ ಬದಲಾವಣೆಯ ಪರ್ವ. 1980ರ ದಶಕದಲ್ಲಿ ಮಹೀಂದ್ರದವರೇ ಫ್ರಾನ್ಸಿನ ಪ್ಯೂಜೋ ಕಂಪನಿಯ ಎಕ್ಸ್.ಡಿ.ಪಿ. 4.90 ಎಂಬ 2112 ಸಿ.ಸಿ. ಡೀಸೆಲ್ ಎಂಜಿನ್ ಕೂರಿಸಿ ಎಂ.ಎಂ. 540 ಜೀಪು ತಂದರು. ಹಳೇ ಪೆಟ್ರೋಲ್ ಜೀಪಿನವರಿಗೆ ಇದೊಂದು ವರವಾಯಿತು. ಗುಜರಿಗೆ ಬಂದ ಪ್ಯೂಜೋ ಎಂಜಿನ್, ಅದಾದ ಮೇಲೆ ಮಹೀಂದ್ರದ್ದೇ 2523 ಸಿ.ಸಿ. ಡಿ.ಐ. ಎಂಜಿನ್, ಒಂದೊಂದಾಗಿ ಹಳೇ ಚಾಸಿಗಳ ಮೇಲೆ ಬಂದು ಕುಳಿತವು.

ಕೊಂಡಿಯಿಂದ ಕೊಂಡಿಗೆ

ಎಂಜಿನ್ನಿನ ಶಕ್ತಿ ನೇರವಾಗಿ ಚಕ್ರಕ್ಕೆ ಹೋಗುವುದಿಲ್ಲ. ಕ್ಲಚ್, ಗೇರ್‌ಬಾಕ್ಸ್, ಮುಂದಿನ ಹಿಂದಿನ ಆಕ್ಸಲ್‌ಗಳಿಗೆ ಎಳೆತ ಹಂಚುವ ಟ್ರಾನ್ಸ್‌ಫರ್ ಕೇಸು, ಪ್ರೊಪೆಲ್ಲರ್ ಶಾಫ್ಟು, ಅದರ ಎರಡು ತುದಿಯ ಕ್ರಾಸುಗಳು, ಆಕ್ಸಲ್ ಒಳಗಿನ ಕ್ರೌನ್-ಪಿನಿಯನ್, ಕಡೆಗೆ ಚಕ್ರ. ಇದೊಂದು ಸರಪಳಿ. ಒಂದು ಕೊಂಡಿಯನ್ನು ಬಲ ಮಾಡಿದರೆ ಹೊರೆ ಎಲ್ಲೂ ಮಾಯವಾಗುವುದಿಲ್ಲ, ಪಕ್ಕದ ಕೊಂಡಿಯ ಮೇಲೆ ಬೀಳುತ್ತದೆ. ಅಷ್ಟೇ!

ಹಳೇ ಸಿ.ಜೆ. 3ಬಿ ಲೆಕ್ಕವನ್ನೇ ನೋಡಿ. ಮೂರು ಗೇರಿನ ಪೆಟ್ಟಿಗೆಯಲ್ಲಿ ಮೊದಲನೇ ಗೇರು ಸುಮಾರು 2.8. ಟ್ರಾನ್ಸ್‌ಫರ್ ಕೇಸಿನ 'ಲೋ' ಹಾಕಿದರೆ 2.46. ಆಕ್ಸಲ್ಲಿನಲ್ಲಿ 5.38, ಅಂದರೆ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 43 ಹಲ್ಲು. ಮೂರನ್ನೂ ಗುಣಿಸಿದರೆ 37. ಎಂಜಿನ್ 37 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು! ಎಂಜಿನ್ ಚಿಕ್ಕದಾದರೂ ಕೆಸರಿನಿಂದ ಗಾಡಿ ಎದ್ದು ಬರುತ್ತಿದ್ದ ಗುಟ್ಟು ಇಷ್ಟೇ.

ಈಗ ಅದೇ ಗಾಡಿಗೆ ಡೀಸೆಲ್ ಎಂಜಿನ್ ಬಂತು ಅನ್ನಿ. ಡೀಸೆಲ್ ಕಡಿಮೆ ಸುತ್ತಿನಲ್ಲೇ ಎಳೆಯುತ್ತದೆ, ಪೆಟ್ರೋಲಿನಷ್ಟು ಹೆಚ್ಚು ಸುತ್ತು ತಿರುಗುವುದಿಲ್ಲ. 28 ಅಂಗುಲ ಎತ್ತರದ ಚಕ್ರ, 5.38ರ ಆಕ್ಸಲ್, ಟಾಪ್ ಗೇರಿನಲ್ಲಿ 60 ಕಿಲೋಮೀಟರ್ ವೇಗಕ್ಕೆ ಎಂಜಿನ್ ನಿಮಿಷಕ್ಕೆ ಸುಮಾರು 2,400 ಸುತ್ತು ತಿರುಗಬೇಕು. ಹೆದ್ದಾರಿಗೆ ಬಂದರೆ ಗಾಡಿ ಹೋ ಎಂದು ಅರಚುತ್ತದೆ, ಮುಂದೆ ಮಾತ್ರ ಹೋಗುವುದಿಲ್ಲ. ಆಗ ಮೇಸ್ತ್ರಿ ಶೆಡ್ಡಿನಲ್ಲಿ ಬರುವ ಮಾತು: 'ಸಾರ್, ಕ್ರೌನ್-ಪಿನಿಯನ್ ಚೇಂಜ್ ಮಾಡ್ಬಿಡಿ.'

5.38 ತೆಗೆದು 4.27 ಹಾಕಿದರೆ ಅದೇ 60ಕ್ಕೆ 1,900 ಸುತ್ತು ಸಾಕು. ಅರಚಾಟ ನಿಂತಿತು, ಡೀಸೆಲ್ಲೂ ಉಳಿಯಿತು. ಆದರೆ 37 ಇದ್ದ ಲೆಕ್ಕ 29ಕ್ಕೆ ಇಳಿಯಿತು! ಐದರಲ್ಲಿ ಒಂದು ಪಾಲು ಹೋಯಿತು. ಹತ್ತುವಾಗಿನ ನಷ್ಟವನ್ನು ಹೊಸ ಎಂಜಿನ್ ತುಂಬಿಕೊಟ್ಟೀತು. ಇಳಿಯುವಾಗ?

ಘಾಟಿ ಇಳಿಯುವ ಬಸ್ ಡ್ರೈವರನ್ನು ಗಮನಿಸಿ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯುವುದಿಲ್ಲ. ಗೇರು ಇಳಿಸಿ ಎಂಜಿನ್ನಿನಿಂದಲೇ ಗಾಡಿಯನ್ನು ಹಿಡಿಯುತ್ತಾನೆ. ಹಳೇ ಜೀಪು 37ರ ಲೆಕ್ಕದಲ್ಲಿ ತನ್ನನ್ನು ತಾನೇ ಹಿಡಿದುಕೊಳ್ಳುತ್ತಿತ್ತು. 29ಕ್ಕೆ ಬಂದ ಮೇಲೆ ಅದೇ ಗೇರಿನಲ್ಲಿ ಆ ಹಿಡಿತ ಸಡಿಲವಾಯಿತು. ಉಳಿದ ಹೊಣೆ ಯಾರದು? ಬ್ರೇಕಿನದು.

ಬ್ರೇಕ್ ಯಾವ ಕಾಲದ್ದು?

ಎಡವಟ್ಟು ಇರುವುದೇ ಇಲ್ಲಿ. ಹಳೇ ಜೀಪಿನ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಒಂದೇ ಮಾಸ್ಟರ್ ಸಿಲಿಂಡರು, ಒಂದೇ ಆಯಿಲ್ ಲೈನು. ಎಲ್ಲಾದರೂ ಒಂದು ಪೈಪು ಒಡೆದರೆ ನಾಲ್ಕೂ ಚಕ್ರದ ಬ್ರೇಕು ಒಟ್ಟಿಗೇ ಹೋಯಿತು. ನೀರು ದಾಟಿ ಬಂದರೆ ಡ್ರಮ್ಮಿನೊಳಗೆ ಒದ್ದೆ, ಸ್ವಲ್ಪ ಹೊತ್ತು ಹಿಡಿಯುವುದೇ ಇಲ್ಲ.

'ಹ್ಯಾಂಡ್‌ಬ್ರೇಕ್ ಇದೆಯಲ್ಲ' ಅನ್ನುವವರು ಇದನ್ನು ಕೇಳಬೇಕು. ಹಳೇ ವಿಲ್ಲೀಸ್ ಜೀಪಿನ ಹ್ಯಾಂಡ್‌ಬ್ರೇಕು ಚಕ್ರದಲ್ಲಿ ಇಲ್ಲ! ಅದು ಟ್ರಾನ್ಸ್‌ಫರ್ ಕೇಸಿನ ಹಿಂದೆ, ಪ್ರೊಪೆಲ್ಲರ್ ಶಾಫ್ಟಿನ ಬುಡದಲ್ಲಿರುವ ಒಂದು ಡ್ರಮ್ಮು. ಅದು ಹಿಡಿಯುವುದು ಶಾಫ್ಟನ್ನು, ಶಾಫ್ಟಿನ ಮೂಲಕ ಚಕ್ರವನ್ನು. ಹಿಂದಿನ ಕ್ರಾಸು ತುಂಡಾಗಿ ಶಾಫ್ಟು ಕಳಚಿ ಬಿದ್ದರೆ ಹಿಂದಿನ ಎಳೆತವೂ ಹೋಯಿತು, ಎಂಜಿನ್ ಹಿಡಿತವೂ ಹೋಯಿತು, ಹ್ಯಾಂಡ್‌ಬ್ರೇಕೂ ಹೋಯಿತು. ಮೂರೂ ಒಂದೇ ಕ್ಷಣದಲ್ಲಿ!

ಕ್ರಾಸು ಯಾಕೆ ತುಂಡಾಗುತ್ತದೆ? ಹೊಸ ಗೇರ್‌ಬಾಕ್ಸ್ ಹಳೆಯದರಷ್ಟೇ ಉದ್ದ ಇರುವುದಿಲ್ಲ. ಉದ್ದದ ಪೆಟ್ಟಿಗೆ ಕೂರಿಸಿದರೆ ಹಿಂದಿನ ಶಾಫ್ಟನ್ನು ಲೇತಿಗೆ ಕೊಟ್ಟು ಮೋಟು ಮಾಡಬೇಕು. ಶಾಫ್ಟು ಮೋಟಾದಷ್ಟೂ ಅದು ನಿಲ್ಲುವ ಕೋನ ಕಡಿದಾಗುತ್ತದೆ, ಕ್ರಾಸಿನ ಮೇಲೆ ಜಗ್ಗಾಟ ಹೆಚ್ಚುತ್ತದೆ. ಸಾಲದ್ದಕ್ಕೆ ನೋಟ ಚೆನ್ನಾಗಿರಲಿ ಎಂದು ಪ್ಲೇಟ್ ಮೇಲೆ ಪ್ಲೇಟ್ ಹಾಕಿ ಗಾಡಿ ಎತ್ತರಿಸುತ್ತಾರೆ. ಕೋನ ಮತ್ತಷ್ಟು ಕೆಡುತ್ತದೆ. ಗಾಡಿ ಓಡುವಾಗ ಕಾಲಡಿಯಲ್ಲಿ ಗಡಗಡ ನಡುಗಿದರೆ ಅದು ರಸ್ತೆಯ ತಪ್ಪಲ್ಲ, ಶಾಫ್ಟಿನ ಗೋಳು.

ಇನ್ನೊಂದು ತೊಡಕು. ಹಳೇ ಜೀಪಿನ ಡಿಫ್ರೆನ್ಸಿಯಲ್ ಗುಂಡು ಆಕ್ಸಲ್ಲಿನ ನಡುಮಧ್ಯೆ ಇಲ್ಲ, ಒಂದು ಬದಿಗೆ ಇದೆ. ಟ್ರಾನ್ಸ್‌ಫರ್ ಕೇಸಿನ ಬಾಯಿ ಅದೇ ಬದಿಗೆ. ಹಾಗಾಗಿ ಗುಂಡು ಮಧ್ಯದಲ್ಲಿರುವ ಬೇರೆ ಗಾಡಿಯ ಆಕ್ಸಲ್ ಅಗ್ಗಕ್ಕೆ ಸಿಕ್ಕಿತೆಂದು ತಂದು ಬೋಲ್ಟ್ ಬಿಗಿದರೆ ಶಾಫ್ಟು ಅಡ್ಡಡ್ಡ ನಿಲ್ಲುತ್ತದೆ. ಆಕ್ಸಲ್ ಬದಲಿಸುವವನು ಟ್ರಾನ್ಸ್‌ಫರ್ ಕೇಸಿನ ಯೋಚನೆಯನ್ನೂ ಜೊತೆಗೇ ಮಾಡಬೇಕು.

ಮುಂದಿನದೊಂದು ಲೆಕ್ಕ, ಹಿಂದಿನದೊಂದು ಲೆಕ್ಕ!

ದುಡ್ಡು ಉಳಿಸುವ ಆಸೆಗೆ ಕೆಲವರು ಹಿಂದಿನ ಕ್ರೌನ್-ಪಿನಿಯನ್ ಮಾತ್ರ ಬದಲಿಸಿ ಮುಂದಿನದನ್ನು ಹಾಗೇ ಬಿಡುವುದುಂಟು. 'ಫೋರ್‌ವೀಲ್ ಹಾಕೋದೇ ವರ್ಷಕ್ಕೆ ಎರಡು ಸಲ' ಎಂಬುದು ಸಬೂಬು. ಹಿಂದೆ 4.27, ಮುಂದೆ 5.38 ಇದ್ದರೆ ಏನಾಗುತ್ತದೆ ಗೊತ್ತೆ? ಫೋರ್‌ವೀಲ್ ಹಾಕಿದಾಗ ಹಿಂದಿನ ಚಕ್ರ 100 ಅಡಿ ಹೋಗಲು ಹೊರಟರೆ ಮುಂದಿನ ಚಕ್ರ 79 ಅಡಿಗೇ ಸಾಕು ಅನ್ನುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು, ಒಂದು ಓಡುತ್ತದೆ, ಇನ್ನೊಂದು ನಡೆಯುತ್ತದೆ. ಕೆಸರಿನಲ್ಲಾದರೆ ಚಕ್ರ ಜಾರಿ ಹೇಗೋ ಸರಿದೂಗೀತು. ಗಟ್ಟಿ ನೆಲದಲ್ಲಿ ಹಲ್ಲು ಮುರಿಯುವುದೋ ಶಾಫ್ಟು ತಿರುಚುವುದೋ ಗ್ಯಾರಂಟಿ.

ಎರಡೂ ಲೆಕ್ಕ ಸರಿಯಿದ್ದರೂ ಈ ಜೀಪುಗಳನ್ನು ಒಣಗಿದ ಟಾರು ರಸ್ತೆಯಲ್ಲಿ ಫೋರ್‌ವೀಲ್ ಹಾಕಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಹೋಗಬೇಕು. ಆ ವ್ಯತ್ಯಾಸ ನುಂಗುವ ಡಿಫ್ರೆನ್ಸಿಯಲ್ ಟ್ರಾನ್ಸ್‌ಫರ್ ಕೇಸಿನಲ್ಲಿ ಇಲ್ಲ.

ಇನ್ನು ಕೆಸರಿನಲ್ಲಿ ಒಂದೇ ಚಕ್ರ ಗಿರ್ರನೆ ತಿರುಗುತ್ತದೆಂದು ಡಿಫ್ರೆನ್ಸಿಯಲ್ ಒಳಗಿನ ಚಿಕ್ಕ ಹಲ್ಲುಚಕ್ರಗಳಿಗೆ ವೆಲ್ಡಿಂಗ್ ಹೊಡೆಸುವ ಭೂಪರೂ ಇದ್ದಾರೆ. ಗುಂಡಿಯಿಂದ ಗಾಡಿ ಏಳುತ್ತದೆ, ಸುಳ್ಳಲ್ಲ. ಆದರೆ ಎರಡು ಚಕ್ರವೂ ಒಂದೇ ಕೋಲಿಗೆ ಬಿಗಿದಂತೆ ಆಗುವುದರಿಂದ ಟಾರು ರಸ್ತೆಯ ತಿರುವಿನಲ್ಲಿ ಗಾಡಿ ತಿರುಗುವ ಬದಲು ನೇರಕ್ಕೆ ತಳ್ಳುತ್ತದೆ. ಮಳೆಯಲ್ಲಿ, ಚಾರ್ಮಾಡಿ ಘಾಟಿಯ ತಿರುವಿನಲ್ಲಿ 'ನೇರಕ್ಕೆ' ಅಂದರೆ ಎಲ್ಲಿಗೆ ಎಂದು ಬಿಡಿಸಿ ಹೇಳಬೇಕೆ?

ಕೊನೆಯ ಕೊಂಡಿ: ಆರ್.ಸಿ. ಪುಸ್ತಕ

ಕ್ರೌನ್-ಪಿನಿಯನ್ನಿನ ಹಲ್ಲಿನ ಲೆಕ್ಕ ಆರ್.ಸಿ.ಯಲ್ಲಿ ಇರುವುದಿಲ್ಲ. ಆದರೆ ಎಂಜಿನ್ ನಂಬರು, ಸಿ.ಸಿ., ಪೆಟ್ರೋಲೋ ಡೀಸೆಲ್ಲೋ ಎಂಬುದು ಇರುತ್ತದೆ. 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ, ತಯಾರಿಸಿದ ಕಂಪನಿ ನಮೂದಿಸಿದ ವಿವರಕ್ಕೂ ಆರ್.ಸಿ. ವಿವರಕ್ಕೂ ತಾಳೆಯಾಗದಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದಿಂದ ಹೋದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಖಡಾಖಂಡಿತ ಹೇಳಿತು. ಅದೇ ವರ್ಷ ಕಾಯಿದೆಗೆ ತಿದ್ದುಪಡಿಯೂ ಬಂತು. ನಿಯಮ ಮೀರಿ ಗಾಡಿ ಬದಲಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ.

ದಂಡ ಕಟ್ಟಿದರೆ ಮುಗಿಯಿತು ಅಂದುಕೊಂಡರೆ ತಪ್ಪು. ಸ್ವಂತ ಗಾಡಿಗೆ 15 ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ರಿಜಿಸ್ಟ್ರೇಷನ್ ನವೀಕರಿಸಬೇಕು, ಗಾಡಿ ಇನ್ಸ್‌ಪೆಕ್ಟರ ಮುಂದೆ ನಿಲ್ಲಬೇಕು. ಅಲ್ಲಿ ಎಂಜಿನ್ ನಂಬರು ತಾಳೆಯಾಗದಿದ್ದರೆ ಗಾಡಿ ಹೋದಲ್ಲೇ ಗೂಟ. ಅದಕ್ಕಿಂತ ದೊಡ್ಡ ಪೆಟ್ಟು ಅಪಘಾತವಾದಾಗ. ಪುಸ್ತಕದಲ್ಲಿ ಪೆಟ್ರೋಲ್, ಬಾನೆಟ್ಟಿನಡಿ ಡೀಸೆಲ್ ಇದ್ದರೆ ಇನ್ಶೂರೆನ್ಸ್ ಕಂಪನಿಗೆ ತಕರಾರು ತೆಗೆಯಲು ಬೇರೆ ನೆಪ ಬೇಕೆ? ಹಿಂದೆ ಕೂತು ಕಾಲು ಮುರಿದುಕೊಂಡ ಆಳು ಪರಿಹಾರಕ್ಕಾಗಿ ಕೋರ್ಟಿಗೆ ಅಲೆಯುತ್ತಾನೆ, ಮಾಲೀಕ ತೋಟ ಅಡವಿಡುವ ಪಾಡಿಗೆ ಬರುತ್ತಾನೆ.

ಹಾಗಾದರೆ ಹಳೇ ಜೀಪು ಮುಟ್ಟಲೇಬಾರದೆ? ಹಾಗೇನಿಲ್ಲ. ಕ್ರಮ ತಿರುಗುಮುರುಗು ಆಗಬಾರದು, ಅಷ್ಟೇ. ಮೊದಲು ಆರ್.ಟಿ.ಓ. ಕಚೇರಿಗೆ ಅರ್ಜಿ, ಏನಕ್ಕೆ ಅನುಮತಿ ಇದೆ ಏನಕ್ಕೆ ಇಲ್ಲ ಎಂಬ ವಿಚಾರಣೆ. ಆಮೇಲೆ ಬ್ರೇಕು ಮತ್ತು ಸ್ಟೇರಿಂಗಿನ ರಿಪೇರಿ. ಆಮೇಲೆ ಶಾಫ್ಟು, ಕ್ರಾಸು, ಆಕ್ಸಲ್. ಎಂಜಿನ್ ಮಾತು ಕಟ್ಟಕಡೆಗೆ. ಈಗ ನಡೆಯುತ್ತಿರುವುದು ಇದಕ್ಕೆ ಪೂರಾ ಉಲ್ಟಾ: ಎಂಜಿನ್ ಮೊದಲು, ದುಡ್ಡು ಮುಗಿದ ಮೇಲೆ ಬ್ರೇಕಿನ ನೆನಪು!

ಹಳೇ ಜೀಪು ಕೊಳ್ಳುವವರಿಗೆ ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಸಮತಟ್ಟು ನೆಲದಲ್ಲಿ ಮುಂದಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಟ್ಟು, ಹಿಂದಿನ ಎರಡೂ ಚಕ್ರವನ್ನು ಜಾಕಿಯಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ. ಗೇರು ನ್ಯೂಟ್ರಲ್, ಹ್ಯಾಂಡ್‌ಬ್ರೇಕು ಬಿಟ್ಟಿರಲಿ. ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ, ಎರಡು ಚಕ್ರವನ್ನೂ ಒಟ್ಟಿಗೆ ಸರಿಯಾಗಿ ಒಂದು ಸುತ್ತು ತಿರುಗಿಸಿ. ಶಾಫ್ಟು ಐದೂ ಕಾಲಿಗಿಂತ ತುಸು ಹೆಚ್ಚು ಸುತ್ತಿದರೆ 5.38, ನಾಲ್ಕೂ ಕಾಲು ಸುತ್ತಿದರೆ 4.27. ಹಿಂದಿನ ಚಕ್ರಗಳನ್ನು ನೆಲಕ್ಕೆ ಇಳಿಸಿ, ಕಲ್ಲು ಕೊಟ್ಟು, ಮುಂದಿನವಕ್ಕೂ ಹಾಗೇ ಮಾಡಿ. ಎರಡೂ ತಾಳೆಯಾಗದಿದ್ದರೆ, ಬಾನೆಟ್ಟಿನಡಿಯ ನಂಬರಿಗೂ ಪುಸ್ತಕದ ನಂಬರಿಗೂ ತಾಳೆಯಾಗದಿದ್ದರೆ, ಮಾರುವವನು ಎಷ್ಟೇ ರೇಟು ಇಳಿಸಲಿ, ಅಡ್ವಾನ್ಸು ಜೇಬಿನಲ್ಲೇ ಇರಲಿ.