ನಿಮಗಿದು ಗೊತ್ತೆ? ದಲ್ಲಾಳಿ ಎಂದರೆ ದಾರಿ ತೋರುವವನು!

ನಂಜನಗೂಡು, ತಿ. ನರಸೀಪುರದ ಕಡೆ ಬೆಳೆ ಮಾರುವವರ ಬಾಯಲ್ಲಿ ‘ದಲ್ಲಾಳಿ’ ಎಂಬುದು ಎಷ್ಟೋ ಸಲ ಬೈಗುಳ. ಆದರೆ ಅದರ ಮೂಲವಾದ ಅರಬ್ಬಿಯ ‘ದಲ್ಲಾಲ್’ ಹುಟ್ಟಿದ್ದು ‘ದಾರಿ ತೋರಿಸು’ ಎಂಬರ್ಥದ ಧಾತುವಿನಿಂದ! ಕೊಳ್ಳುವವರನ್ನೂ ಮಾರುವವರನ್ನೂ ಕೂಡಿಸಿ ಕಮಿಷನ್ ಪಡೆಯುವವನೇ ದಲ್ಲಾಳಿ. ತೂಕ, ಬೆಲೆಯಲ್ಲಿ ಕೆಲವರು ಕೈಚಳಕ ತೋರಿದ್ದೇ ತಡ, ಪದಕ್ಕೂ ಮಸಿ ಮೆತ್ತಿತು. ಹೀಗೆ ಮೋಸ ಮಾಡುವುದಕ್ಕೆ ಕನ್ನಡದಲ್ಲಿ ‘ಟೋಪಿ ಹಾಕು’, ‘ನಾಮ ಹಾಕು’ ಎಂಬ ಸೊಗಸಾದ ಮಾತುಗಳೂ ಇವೆ.

ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಪಡೆದ ‘ನಂಜನಗೂಡು ರಸಬಾಳೆ’ಯ ಹೆಸರಲ್ಲಿ ಬೇರೆ ಹಣ್ಣು ದಾಟಿಸುವುದು ಬರೀ ಟೋಪಿಯಲ್ಲ, ಅಪರಾಧ. ಭೌಗೋಳಿಕ ಸೂಚಕಗಳ 1999ರ ಕಾಯ್ದೆಯಡಿ 3 ವರ್ಷದವರೆಗೆ ಜೈಲಾಗಬಹುದು. ಮೋಸ ಹೋದರೆ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.