ಕಲ್ಲು ಹೇಳುವ ದೊಡ್ಡಸ್ತಿಕೆ

ಸತ್ತೇಗಾಲದ ಬಳಿ ಹರಿಯುವ ಕಾವೇರಿಯು ತನ್ನ ಪಾತ್ರದ ಕಲ್ಲುಗಳನ್ನು ಎಲ್ಲ ಕಡೆಯಿಂದಲೂ ಉಜ್ಜಿ ಉರುಟಾಗಿಸುತ್ತದೆ. ಮನುಷ್ಯನು ಉಜ್ಜಿದ ಕೊಡಲಿಗಲ್ಲಿಗಾದರೋ ಹರಿತವಾದ ಒಂದು ಬಾಯಿ ಇರುತ್ತದೆ. ಇದೇ ಹೊಳೆಯ ಮೇಲ್ಗಡೆ, ತಿರುಮಕೂಡಲು ನರಸೀಪುರದಲ್ಲಿ, ಅಂತಹ ಕೊಡಲಿಗಳನ್ನು ಬಳಸಿದ ನವಶಿಲಾಯುಗದ ಜನರ ನೆಲೆ ಉತ್ಖನನದಿಂದ ಬೆಳಕಿಗೆ ಬಂದಿದೆ. ಬರವಣಿಗೆಯೇ ಇಲ್ಲದ ಆ ಕಾಲದಲ್ಲಿ ಕಸುಬುದಾರನಾರು, ಒಡೆಯನಾರು ಎಂಬುದನ್ನು ತಿಳಿಯುವ ಬಗೆ ಹೇಗೆ?

ಕಸುಬಿನ ಗುರುತು ಬಳ್ಳಾರಿಯ ಸಮೀಪದ ಸಂಗನಕಲ್ಲು–ಕಪ್ಪಗಲ್ಲು ಗುಡ್ಡಗಳಲ್ಲಿ ಸ್ಪಷ್ಟವಾಗಿದೆ. ಅಲ್ಲಿ ಬಿಳಿಚು ಗ್ರಾನೈಟಿನ ಬಿರುಕಿನೊಳಗೆ ಶಿಲಾರಸವು ಉಕ್ಕಿ, ಬೇಗ ತಣಿದು, ಡಾಲರೈಟ್ ಎಂಬ ಕರಿಕಲ್ಲಿನ ಪಟ್ಟಿಯಾಗಿದೆ. ಬೇಗ ತಣಿದುದರಿಂದ ಇದರ ಹರಳುಗಳು ಸಣ್ಣವು. ಆದುದರಿಂದಲೇ ಪೆಟ್ಟು ಕೊಟ್ಟಾಗ ಕಲ್ಲು ಪುಡಿಯಾಗದೆ ಚಕ್ಕೆಯಾಗಿ ಏಳುತ್ತದೆ. ಕ್ರಿ.ಪೂ. ಎರಡನೆಯ ಸಹಸ್ರಮಾನದಲ್ಲಿ ಹಿರೇಗುಡ್ಡದ ಮೇಲೆ ಕುಳಿತು ಕೊಡಲಿ ಕೆತ್ತಿದವರು ಬಿಟ್ಟುಹೋದ ಚಕ್ಕೆಗಳು ರಾಶಿರಾಶಿಯಾಗಿವೆ. ಅರೆದು ನುಣುಪುಗೊಳಿಸಿದ ಬಂಡೆಗಳ ಮೇಲೆ ತಗ್ಗುಗಳು ಉಳಿದಿವೆ. ಒಂದು ಮನೆಯ ಅಗತ್ಯಕ್ಕೆ ಇಷ್ಟೊಂದು ಚಕ್ಕೆ ಬೇಕಿಲ್ಲ. ಇದು ಪರರಿಗಾಗಿಯೂ ನಡೆದ ಕಸುಬು.

ಆದರೆ ಕಸುಬುದಾರರಿದ್ದ ಮಾತ್ರಕ್ಕೆ ದೊರೆ ಇದ್ದನೆನ್ನಲಾಗದು. ಚೀನ ದೇಶದ ಯಾಂಗ್ತ್ಸೆ ನದಿಯ ಕೆಳದಂಡೆಯಲ್ಲಿ, ಸುಮಾರು ೫೦೦೦ ವರ್ಷಗಳ ಹಿಂದೆ ಬಾಳಿದ ಲಿಯಾಂಗ್‌ಜು ಜನರನ್ನು ನೋಡಿರಿ. ಅವರಿಗೆ ಪ್ರಿಯವಾದ ಜೇಡ್ ಶಿಲೆಯ ಕಾಠಿಣ್ಯ ೬ರಿಂದ ೬.೫. ಅದರ ಎಳೆಗಳು ಕಂಬಳಿಯ ನೂಲಿನಂತೆ ಹೆಣೆದುಕೊಂಡಿರುವುದರಿಂದ ಅದನ್ನು ಚಕ್ಕೆಯೆಬ್ಬಿಸಿ ರೂಪಿಸಲಾಗದು. ಕಾಠಿಣ್ಯ ೭ ಇರುವ ಬೆಣಚಿನ ಮರಳನ್ನು ಹಾಕಿ ದಿನಗಟ್ಟಲೆ ಸವೆಸಬೇಕು. ೧೯೮೬ರಲ್ಲಿ ಅಗೆದ ಫಾನ್‌ಷಾನ್ ದಿಬ್ಬದ ಒಂದೇ ಸಮಾಧಿಯಲ್ಲಿ ನೂರಾರು ಜೇಡ್ ವಸ್ತುಗಳು ದೊರೆತವು. ಅವುಗಳಲ್ಲೊಂದು ೬.೫ ಕಿಲೋಗ್ರಾಂ ತೂಗುತ್ತದೆ! ಹಲವರ ದುಡಿಮೆ ಒಬ್ಬನ ಗುಣಿಯನ್ನು ಸೇರಿತು. ಮರ ಕಡಿಯಲು ಬಾರದ ಆ ವಸ್ತುಗಳಿಗೆ ಇದ್ದ ಬೆಲೆ, ನನ್ನ ಮಟ್ಟಿಗೆ, ಈ ಸವೆತದ ಶ್ರಮವೇ.

ಹಿರೇಗುಡ್ಡದ ಕೊಡಲಿಯ ಗತಿ ಬೇರೆ. ಅದು ದುಡಿಯುವವರ ಕೈಗೆ ಹೋಯಿತು; ಅಂತಹ ಸಿರಿವಂತ ಸಮಾಧಿ ಆ ಗುಡ್ಡದಲ್ಲಿ ಕಂಡುಬಂದಿಲ್ಲ. ನಮ್ಮ ನಾಡಿನಲ್ಲಿ ಮೇಲುಕೀಳಿನ ಗುರುತು ಎದ್ದು ಕಾಣುವುದು ಮುಂದೆ, ಕಬ್ಬಿಣದ ಕಾಲದ ಬೃಹತ್ ಶಿಲಾಸಮಾಧಿಗಳಲ್ಲಿ. ೧೯೪೭ರಲ್ಲಿ ವ್ಹೀಲರ್ ಅವರು ಬ್ರಹ್ಮಗಿರಿಯಲ್ಲಿ ಅಗೆದುದು ಇಂತಹವನ್ನೇ. ಹಿರೇಬೆಣಕಲ್ಲಿನ ಚಪ್ಪಡಿಗಳನ್ನು ಒಂದು ಮನೆಯವರು ಎತ್ತಲಾರರು.

ಈ ತರ್ಕವೆಲ್ಲ ನಿಂತಿರುವುದು ಚಕ್ಕೆಗಳು ಬಿದ್ದಲ್ಲೇ ಬಿದ್ದಿರುವುದರ ಮೇಲೆ. ಇತ್ತೀಚಿನ ದಶಕಗಳಲ್ಲಿ ಕಲ್ಲುಗಣಿಗಾರಿಕೆಯು ಕಪ್ಪಗಲ್ಲಿನ ಗುಡ್ಡಗಳನ್ನೂ ಮುಟ್ಟಿದೆ.