ಲೆಕ್ಕದ ಪುಸ್ತಕದಲ್ಲಿ ಅಗಲಿದ ಗೆಳೆಯನ ಮುಖ

ಸತ್ತವರ ಹೆಸರು ಉಳಿಯಲೆಂದು ಮನುಷ್ಯ ಕಲ್ಲು ಕೆತ್ತಿಸಿದ್ದಾನೆ, ಕೆರೆ ಕಟ್ಟಿಸಿದ್ದಾನೆ, ಶಾಲೆಗೊಂದು ಕೊಠಡಿ ಕಟ್ಟಿಸಿಕೊಟ್ಟು ಬಾಗಿಲ ಮೇಲೆ ಹೆಸರು ಬರೆಸಿದ್ದಾನೆ. 2011ರ ಜುಲೈ ತಿಂಗಳ ಕೊನೆಯಲ್ಲಿ ಅಮೆರಿಕದ ಇಬ್ಬರು ಕಂಪ್ಯೂಟರ್ ತಜ್ಞರು ತಮ್ಮ ಗೆಳೆಯನ ನೆನಪಿಗೆ ಇದಾವುದನ್ನೂ ಮಾಡಲಿಲ್ಲ. ಜಗತ್ತಿನ ನಾನಾ ಕಡೆಯ ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ದಾಖಲಾಗುವ ಒಂದು ಜಮಾಖರ್ಚಿನ ಪುಸ್ತಕವಿದೆ. ಅದರಲ್ಲಿ ಹಣ ಕೊಟ್ಟವರ, ಪಡೆದವರ ಲೆಕ್ಕದ ನಡುವೆ ಅವರು ಆ ಗೆಳೆಯನ ಮುಖವನ್ನು ಬರೆದರು. ಬಿಟ್‌ಕಾಯಿನ್ ಎಂಬ ಡಿಜಿಟಲ್ ಹಣದ ಲೆಕ್ಕ ಇಡುವ ಈ ಪುಸ್ತಕಕ್ಕೇ ಬ್ಲಾಕ್‌ಚೈನ್ ಎಂದು ಹೆಸರು. ಮುಖ ಇಂದಿಗೂ ಅಲ್ಲಿದೆ. ಬರೆದವರಿಗೂ ಅದನ್ನು ಅಳಿಸಲು ಬರುವುದಿಲ್ಲ.

ಅಗಲಿದ ಗೆಳೆಯ ಲೆನ್ ಸ್ಯಾಸಮನ್. 1980ರಲ್ಲಿ ಹುಟ್ಟಿದ ಅಮೆರಿಕನ್. ಸಂದೇಶಗಳನ್ನು ಬೇರೆಯವರು ಓದದಂತೆ ಗೂಢಲಿಪಿಯಲ್ಲಿ ಅಡಗಿಸುವ ವಿದ್ಯೆಯಲ್ಲಿ ನಿಪುಣರು. ಕಳಿಸಿದವರು ಯಾರೆಂದು ತಿಳಿಯದಂತೆ ಪತ್ರ ತಲುಪಿಸುವ ‘ಮಿಕ್ಸ್‌ಮಾಸ್ಟರ್’ ಎಂಬ ತಂತ್ರಾಂಶವನ್ನು ನೋಡಿಕೊಳ್ಳುತ್ತಿದ್ದವರು. ಬೆಲ್ಜಿಯಂ ದೇಶದ ಲುವೆನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪದವಿಗೆ ಸಂಶೋಧನೆ ನಡೆಸುತ್ತಿದ್ದಾಗ, 2011ರ ಜುಲೈ 3ರಂದು, ಬಹುಕಾಲದಿಂದ ಕಾಡುತ್ತಿದ್ದ ಖಿನ್ನತೆಗೆ ಬಲಿಯಾದರು. ವಯಸ್ಸು ಮೂವತ್ತೊಂದು. ಮುಖ ಬರೆದ ಗೆಳೆಯರು ಡ್ಯಾನ್ ಕಾಮಿನ್ಸ್ಕಿ ಮತ್ತು ಟ್ರಾವಿಸ್ ಗುಡ್‌ಸ್ಪೀಡ್. ಇಬ್ಬರೂ ಕಂಪ್ಯೂಟರ್ ಸುರಕ್ಷತೆಯ ಕ್ಷೇತ್ರದಲ್ಲಿ ಹೆಸರು ಮಾಡಿದವರು. ಲಾಸ್ ವೇಗಾಸ್ ನಗರದಲ್ಲಿ ಪ್ರತಿವರ್ಷ ನಡೆಯುವ ‘ಬ್ಲ್ಯಾಕ್ ಹ್ಯಾಟ್’ ಸಮ್ಮೇಳನದಲ್ಲಿ, ಸಾವಿನ ಮರು ತಿಂಗಳೇ, ಕಾಮಿನ್ಸ್ಕಿ ಈ ಕೆಲಸವನ್ನು ಬಹಿರಂಗಪಡಿಸಿದರು.

ಅಳಿಸಲು ಬಾರದು ಎಂದರೇನು? ಕಾಮರ್ಸ್ ಓದುವ ಹುಡುಗರಿಗೆ ಇದು ಬೇಗ ಅರ್ಥವಾಗುತ್ತದೆ. ಲೆಕ್ಕದ ಪುಸ್ತಕದಲ್ಲಿ ಒಂದು ಪುಟದ ಕೊನೆಯ ಮೊತ್ತವನ್ನು ಮುಂದಿನ ಪುಟದ ತಲೆಯಲ್ಲಿ ಬರೆದುಕೊಳ್ಳುತ್ತಾರಲ್ಲವೇ? ಹಿಂದಿನ ಪುಟದಲ್ಲಿ ಯಾರಾದರೂ ಕೈಯಾಡಿಸಿದರೆ ಮುಂದಿನ ಪುಟಗಳ ಲೆಕ್ಕವೆಲ್ಲ ತಾಳೆ ತಪ್ಪುತ್ತದೆ. ಬ್ಲಾಕ್‌ಚೈನ್ ಮಾಡುವುದೂ ಇದನ್ನೇ, ಆದರೆ ಬರೀ ಮೊತ್ತವಲ್ಲ, ಇಡೀ ಪುಟದ ಹೆಬ್ಬೆಟ್ಟಿನ ಗುರುತಿನಂಥ ಒಂದು ಸಂಖ್ಯೆಯನ್ನು ಗಣಿತದಿಂದ ತೆಗೆದು ಮುಂದಿನ ಪುಟದಲ್ಲಿ ದಾಖಲಿಸುತ್ತದೆ. ಹಳೆಯ ಪುಟದ ಒಂದೇ ಅಕ್ಷರ ಬದಲಾದರೂ ಗುರುತು ಪೂರಾ ಬೇರೆಯಾಗುತ್ತದೆ. ಸುಮಾರು ಹತ್ತು ನಿಮಿಷಕ್ಕೊಂದರಂತೆ ಪುಟಗಳು ಸೇರುತ್ತಲೇ ಇರುತ್ತವೆ, ಪ್ರತಿಯೊಂದನ್ನು ಸೇರಿಸಲೂ ಅಪಾರ ಲೆಕ್ಕಾಚಾರ ಬೇಕು. ಚೀಟಿ ನಡೆಸುವವರ ಮನೆಯಲ್ಲಿ ಇರುವಂತೆ ಪುಸ್ತಕ ಒಂದೇ ಕಡೆ ಇಲ್ಲ. ಸಾವಿರಾರು ಪ್ರತಿಗಳು ಸಾವಿರಾರು ಕೈಗಳಲ್ಲಿವೆ. ಒಬ್ಬ ತಿದ್ದಿದರೆ ಉಳಿದವರ ಪ್ರತಿಗಳು ಅವನನ್ನು ಸುಳ್ಳುಗಾರನೆಂದು ತೋರಿಸುತ್ತವೆ.

ನಮ್ಮ ಹಳೆಯ ದಾನಶಾಸನಗಳ ಕೊನೆಯಲ್ಲಿ ಶಾಪಾಶಯ ಇರುತ್ತದೆ. ಈ ಧರ್ಮವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟಲಿ ಎಂದು. ಕಲ್ಲನ್ನು ಕಾಯಲು ಅಂದು ಪಾಪದ ಭಯ ಇತ್ತು. ಇಲ್ಲಿ ಆ ಕಾವಲನ್ನು ಗಣಿತಕ್ಕೆ ವಹಿಸಲಾಗಿದೆ.

ಗೆಳೆಯರು ಬರೆದ ಬಗೆ ಸ್ವಾರಸ್ಯವಾಗಿದೆ. ಬಿಟ್‌ಕಾಯಿನ್ ಪಾವತಿಯಲ್ಲಿ ಹಣ ಪಡೆಯುವವರ ಹೆಸರಿರುವುದಿಲ್ಲ. ಇಪ್ಪತ್ತು ಬೈಟ್ ಉದ್ದದ, ಅಂದರೆ ಇಪ್ಪತ್ತು ಇಂಗ್ಲಿಷ್ ಅಕ್ಷರಗಳಷ್ಟು ಜಾಗ ಹಿಡಿಸುವ, ಒಂದು ವಿಳಾಸವಿರುತ್ತದೆ. ಆ ಜಾಗದಲ್ಲಿ ನಿಜವಾದ ವಿಳಾಸದ ಬದಲು ತಮಗೆ ಬೇಕಾದ ಅಕ್ಷರಗಳನ್ನೇ ತುಂಬಿದರೆ? ಯಂತ್ರ ಅದನ್ನೂ ವಿಳಾಸವೆಂದೇ ತಿಳಿದು ಪಾವತಿಯನ್ನು ದಾಖಲಿಸಿಕೊಳ್ಳುತ್ತದೆ. ಹೀಗೆ ಎಪ್ಪತ್ತಕ್ಕೂ ಹೆಚ್ಚು ಹುಸಿ ವಿಳಾಸಗಳಿಗೆ ಚಿಲ್ಲರೆ ಮೊತ್ತಗಳನ್ನು ಕಳಿಸಿ, ಸಾಲಿನ ಕೆಳಗೆ ಸಾಲು ಜೋಡಿಸಿ, ಚುಕ್ಕಿ ಮತ್ತು ವಿರಾಮ ಚಿಹ್ನೆಗಳಿಂದ ಒಂದು ಮುಖ, ಅದರ ಕೆಳಗೆ ಹೆಸರು, ಇಸವಿ, ಕೆಲವು ಮಾತುಗಳನ್ನು ಮೂಡಿಸಿದರು. 1,38,725ನೆಯ ಸಂಖ್ಯೆಯ ಪುಟದಲ್ಲಿ ಅದು ಸೇರಿತು. ಹುಸಿ ವಿಳಾಸಕ್ಕೆ ಬೀಗದ ಕೈ ಯಾರ ಬಳಿಯೂ ಇಲ್ಲವಾದ್ದರಿಂದ ಅಲ್ಲಿಗೆ ಹೋದ ಹಣ ಹೋದಂತೆಯೇ. ಒಡೆಯಲಾಗದ ಹುಂಡಿಗೆ ಹಾಕಿದ ಕಾಣಿಕೆ ಅದು.

ಬರೆದ ಮಾತುಗಳಲ್ಲಿ ಗೋಳಾಟವಿಲ್ಲ. ಲೆನ್ ತಮ್ಮ ಸ್ನೇಹಿತ, ಚುರುಕು ಬುದ್ಧಿಯವ, ಮೆದು ಮನಸ್ಸಿನವ, ತರಲೆ ಯೋಚನೆಗಳ ಸರದಾರ ಎಂಬ ಅರ್ಥದ ಸಾಲುಗಳು. ಹೆಂಡತಿ, ಸಹೋದರ, ತಂದೆತಾಯಿಯರ ಉಲ್ಲೇಖ. ಈ ಹುಚ್ಚಾಟವನ್ನು ಕಂಡಿದ್ದರೆ ಅವನೇ ಬಿದ್ದು ಬಿದ್ದು ನಗುತ್ತಿದ್ದ ಎಂಬ ಮಾತು. ಕೊನೆಗೆ ಬಿಟ್‌ಕಾಯಿನ್ ಬಳಗಕ್ಕೊಂದು ಕ್ಷಮಾಯಾಚನೆ. ಅದರ ಜೊತೆಗೆ ಅಮೆರಿಕದ ಕೇಂದ್ರ ಬ್ಯಾಂಕಿನ ಅಂದಿನ ಅಧ್ಯಕ್ಷ ಬೆನ್ ಬರ್ನಾಂಕೆಯ ಮುಖವನ್ನೂ ಸೇರಿಸಿದ ಚೇಷ್ಟೆ! ಸರ್ಕಾರದ ಹಂಗಿಲ್ಲದ ಹಣ ಎಂದು ಹೊರಟವರ ಪುಸ್ತಕದಲ್ಲಿ ಸರ್ಕಾರದ ಹಣಕ್ಕೆ ಕಾವಲಿರುವವನ ಮುಖ ಶಾಶ್ವತವಾಗಿ ಕೂತಿತು.

ಸಾಲೊಂದಕ್ಕೆ ಇಪ್ಪತ್ತೇ ಜಾಗ. ಅದರಲ್ಲೂ ಒಂದು ಬರಹಕ್ಕೆ ಬಳಕೆಯಾಗಿಲ್ಲ. ಉಳಿದದ್ದು ಹತ್ತೊಂಬತ್ತು. ಲೆನ್ ಎಂಬ ಹೆಸರು, ಗೆಳೆಯರು ಕರೆಯುತ್ತಿದ್ದ ‘ರಬ್ಬಿ’ ಎಂಬ ಅಡ್ಡ ಹೆಸರು, ಆಮೇಲೆ ಮನೆತನದ ಹೆಸರು ಬರೆಯುವಷ್ಟರಲ್ಲಿ ಜಾಗ ಮುಗಿಯಿತು. ಸ್ಯಾಸಮನ್ ಎಂಬುದರ ಕೊನೆಯ ‘ಎನ್’ ಅಕ್ಷರ ಬಿದ್ದುಹೋಗಿದೆ. ಕಲ್ಲಿನ ಮೇಲಾಗಿದ್ದರೆ ಶಿಲ್ಪಿ ಪಕ್ಕದಲ್ಲಿ ಸಣ್ಣದಾಗಿ ಕೊರೆದು ಸರಿಪಡಿಸುತ್ತಿದ್ದ. ಇಲ್ಲಿ ಆ ಸೌಕರ್ಯವಿಲ್ಲ.

ವಿಚಾರವೇ ಕಲೆಯಾದಾಗ

ಇದನ್ನು ಕಲೆ ಎನ್ನಬಹುದೇ? ಮಾಡಿದವರು ಅನ್ನಲಿಲ್ಲ, ಹುಡುಗಾಟ ಎಂದರು. ಆದರೆ 1960ರ ದಶಕದಿಂದ ಪಶ್ಚಿಮದ ದೇಶಗಳಲ್ಲಿ ‘ಪರಿಕಲ್ಪನಾ ಕಲೆ’ ಎಂಬ ಪಂಥವೊಂದು ಬೆಳೆದಿದೆ. ಅಲ್ಲಿ ಕಣ್ಣಿಗೆ ಕಾಣುವ ವಸ್ತುವಿಗಿಂತ ಅದರ ಹಿಂದಿನ ವಿಚಾರಕ್ಕೆ ಬೆಲೆ. ವಿಚಾರವೇ ಕಲೆಯನ್ನು ಹುಟ್ಟಿಸುವ ಯಂತ್ರ ಎಂಬ ಅರ್ಥದಲ್ಲಿ ಅಮೆರಿಕದ ಕಲಾವಿದ ಸಾಲ್ ಲೆವಿಟ್ 1967ರಲ್ಲಿ ಬರೆದರು. ಮೊದಲು ಕೇಳಿದವರಿಗೆ ಇದು ಒಣ ತರ್ಕದಂತೆ ತೋರುವುದು ಸಹಜ. ಆದರೆ ಈ ಒಣ ದಾರಿಯಲ್ಲೇ ಕಣ್ಣು ಒದ್ದೆಯಾಗಿಸುವ ಸ್ಮಾರಕಗಳು ಬಂದಿವೆ.

ಕ್ಯೂಬಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಫೆಲಿಕ್ಸ್ ಗೊನ್ಸಾಲೆಸ್ ಟೊರೆಸ್ 1991ರಲ್ಲಿ ಮಾಡಿದ ಕೃತಿ ಅಂಥದ್ದು. ಅದೇ ವರ್ಷ ಅವರ ಸಂಗಾತಿ ರಾಸ್ ಏಡ್ಸ್‌ನಿಂದ ತೀರಿಕೊಂಡಿದ್ದರು. ಕಲಾವಿದರು ಚಿತ್ರ ಬರೆಯಲಿಲ್ಲ, ವಿಗ್ರಹ ಕಡೆಯಲಿಲ್ಲ. ಬಣ್ಣದ ಕಾಗದ ಸುತ್ತಿದ ಪೆಪ್ಪರ್ಮೆಂಟು ಮಿಠಾಯಿಗಳನ್ನು ಗೋಡೆಯ ಮೂಲೆಯಲ್ಲಿ ರಾಶಿ ಹಾಕಿದರು. ಆದರ್ಶ ತೂಕ 175 ಪೌಂಡು, ಅಂದರೆ ಸುಮಾರು 79 ಕಿಲೋ. ಆರೋಗ್ಯವಂತ ಗಂಡಸಿನ ತೂಕ. ನೋಡಲು ಬಂದವರು ಒಂದೊಂದು ತೆಗೆದುಕೊಂಡು ಬಾಯಿಗೆ ಹಾಕಿಕೊಳ್ಳಬಹುದು. ರೋಗಿಯ ಮೈ ಕರಗಿದಂತೆ ರಾಶಿ ಕರಗುತ್ತದೆ. ಸಂಗ್ರಹಾಲಯದವರು ಮತ್ತೆ ತಂದು ಸುರಿಯಬಹುದು. ಮಿಠಾಯಿ ಯಾವ ಅಂಗಡಿಯದ್ದಾದರೂ ಆದೀತು, ಉಳಿಯಬೇಕಾದದ್ದು ಹೇಗೆ ಮಾಡಬೇಕೆಂಬ ಬರಹ ಮಾತ್ರ. ಕಲಾವಿದರೂ 1996ರಲ್ಲಿ ಅದೇ ರೋಗಕ್ಕೆ ತುತ್ತಾದರು. ರಾಶಿಯನ್ನು ಇಂದಿಗೂ ಯಾರೋ ತುಂಬಿಸುತ್ತಿದ್ದಾರೆ.

ಲೆನ್‌ಗಾಗಿ ಮಾಡಿದ ಸ್ಮಾರಕ ಇದರ ತದ್ವಿರುದ್ಧ. ಅಲ್ಲಿ ಯಾರೂ ಏನೂ ತುಂಬಿಸಬೇಕಾಗಿಲ್ಲ, ಯಾರೂ ಏನೂ ತೆಗೆಯಲಾರರು. ಆದರೂ ಎರಡಕ್ಕೂ ಒಂದು ನಂಟಿದೆ. ಎರಡರಲ್ಲೂ ನೆನಪು ಕೂತಿರುವುದು ಚಿತ್ರದಲ್ಲಲ್ಲ, ಮಾಡಿದ ಕ್ರಿಯೆಯಲ್ಲಿ. ಚುಕ್ಕಿಗಳ ಆ ಮುಖ ನೋಡಲು ಅಷ್ಟೇನೂ ಚೆಂದವಿಲ್ಲ. ಗೂಢಲಿಪಿಗೆ ಆಯುಸ್ಸು ಸವೆಸಿದವನ ಮುಖ ಗೂಢಲಿಪಿಯೇ ಬುನಾದಿಯಾದ ಪುಸ್ತಕದಲ್ಲಿ ಅಡಗಿ ಕೂತಿದೆ, ಅದಕ್ಕಾಗಿ ಗೆಳೆಯರು ಯಾರಿಗೂ ಸಲ್ಲದ ಹಣ ತೆತ್ತಿದ್ದಾರೆ. ಸ್ವಾರಸ್ಯವಿರುವುದು ಇದರಲ್ಲಿ.

ಈ ಮಾತು ಎಲ್ಲ ಪ್ರಯತ್ನಗಳಿಗೂ ಸಲ್ಲುವುದಿಲ್ಲ. 2013ರ ಡಿಸೆಂಬರ್ 5ರಂದು ನೆಲ್ಸನ್ ಮಂಡೇಲಾ ತೀರಿಕೊಂಡಾಗ, ಎರಡು ಮೂರು ದಿನಗಳಲ್ಲೇ ಯಾರೋ ಅಭಿಮಾನಿಗಳು ಅವರ ಭಾವಚಿತ್ರವನ್ನು ಇದೇ ಪುಸ್ತಕದೊಳಗೆ ಸೇರಿಸಿದರು. ಗೌರವದಿಂದ ಮಾಡಿದ ಕೆಲಸವೇ ಸರಿ. ಆದರೆ ಜಗತ್ತಿನ ಬೀದಿ ಬೀದಿಯಲ್ಲಿ ಹೆಸರಿರುವ ಮಂಡೇಲಾಗೆ ಈ ಪುಸ್ತಕದಿಂದ ಆಗಬೇಕಾದದ್ದೇನೂ ಇರಲಿಲ್ಲ.

ಯಾರೂ ಉದ್ದೇಶಿಸದೆ ಆದ ಸ್ಮಾರಕವೂ ಒಂದಿದೆ. 2009ರ ಜನವರಿ 12ರಂದು ಬಿಟ್‌ಕಾಯಿನ್ ಸೃಷ್ಟಿಸಿದ, ಸಟೋಶಿ ನಕಮೋಟೊ ಎಂಬ ಹೆಸರಿನ ಅಜ್ಞಾತ ವ್ಯಕ್ತಿ ಹ್ಯಾಲ್ ಫಿನ್ನಿ ಎಂಬ ತಂತ್ರಜ್ಞರಿಗೆ ಹತ್ತು ನಾಣ್ಯ ಕಳಿಸಿದ. ಒಬ್ಬರಿಂದ ಇನ್ನೊಬ್ಬರಿಗೆ ಆದ ಮೊತ್ತಮೊದಲ ಪಾವತಿ ಅದು. ಅದೇ ವರ್ಷ ಫಿನ್ನಿಯವರಿಗೆ ನರಗಳು ಸೋತು ಮೈ ಮರಗಟ್ಟುವ ಎಎಲ್ಎಸ್ ರೋಗ ಇರುವುದು ತಿಳಿಯಿತು. ಕೈಕಾಲು ಆಡದಾದ ಮೇಲೂ ಕಣ್ಣಿನ ಚಲನೆಯಿಂದಲೇ ಕಂಪ್ಯೂಟರ್ ನಡೆಸಿ ತಂತ್ರಾಂಶ ಬರೆಯುತ್ತಿದ್ದ ಅವರು 2014ರ ಆಗಸ್ಟ್‌ನಲ್ಲಿ ನಿಧನರಾದರು. 170ನೆಯ ಪುಟದ ಆ ಪಾವತಿಯ ಸಾಲು ಬರೀ ಲೆಕ್ಕ. ಹೆಸರಿಲ್ಲ, ಚಿತ್ರವಿಲ್ಲ. ಗೊತ್ತಿರುವವರಿಗೆ ಅದೇ ಸಾಕು.

ಉಳಿಸುವುದನ್ನೇ ಪ್ರಶ್ನಿಸಿದವರೂ ಇದ್ದಾರೆ. ಸಾರಾ ಫ್ರೆಂಡ್ ಎಂಬ ಕಲಾವಿದೆಯ 2021ರ ‘ಲೈಫ್‌ಫಾರ್ಮ್ಸ್’ ಕೃತಿಯಲ್ಲಿ ಬ್ಲಾಕ್‌ಚೈನ್ ಮೇಲಿನ ಪ್ರತಿ ‘ಜೀವಿ’ಯನ್ನೂ ಪಡೆದವರು 90 ದಿನಗಳೊಳಗೆ ಇನ್ನೊಬ್ಬರಿಗೆ ಕೊಡಬೇಕು. ಕೊಡದೆ ಬಚ್ಚಿಟ್ಟುಕೊಂಡರೆ ಅದು ಸಾಯುತ್ತದೆ. ಅಳಿಯದ ಪುಸ್ತಕವನ್ನೇ ಬಳಸಿ ಅಳಿವಿನ ಪಾಠ ಹೇಳಿದ ಈ ಜಾಣ್ಮೆ ಮೆಚ್ಚುವಂಥದ್ದು.

ಸ್ಮಾರಕದ ನೆರೆಹೊರೆ

ಶಾಶ್ವತ ಪುಸ್ತಕಕ್ಕೆ ಅದರದೇ ತೊಡಕುಗಳಿವೆ. ಹೊಸ ಪಾವತಿಗಳನ್ನು ಪರೀಕ್ಷಿಸುವ ಪ್ರತಿ ಕಂಪ್ಯೂಟರೂ ಇನ್ನೂ ಖರ್ಚಾಗದ ಹಣದ ಪಟ್ಟಿಯನ್ನು ಕೈಯಳತೆಯಲ್ಲಿ ಇಟ್ಟುಕೊಂಡಿರಬೇಕು. ಹುಸಿ ವಿಳಾಸದ ಹಣ ಎಂದೂ ಖರ್ಚಾಗದು. ಹಾಗಾಗಿ ಗುರುತು ಪರಿಚಯವಿಲ್ಲದ ಸಾವಿರಾರು ಜನರ ಯಂತ್ರಗಳು ಈ ಶೋಕದ ಭಾರವನ್ನು ಕೇಳದೆಯೇ ಹೊತ್ತಿವೆ. ಇಂಥ ಬರಹಗಳ ಕಾಟ ಹೆಚ್ಚಿದ ಮೇಲೆ, 2014ರಲ್ಲಿ ತಂತ್ರಾಂಶದವರೇ ಟಿಪ್ಪಣಿಗೆಂದು ನಲವತ್ತು ಬೈಟಿನ ಸಣ್ಣ ಜಾಗ ಬಿಟ್ಟುಕೊಟ್ಟರು, ಮುಂದೆ ಅದನ್ನು ಹಿಗ್ಗಿಸಿದರು. ಬಾಗಿಲು ತೆರೆದಿದ್ದರೆ ಸಜ್ಜನರೇ ಬರುತ್ತಾರೆಂಬ ಭರವಸೆಯೂ ಇಲ್ಲ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದ ಸಂಶೋಧಕರನ್ನು ಒಳಗೊಂಡ ತಂಡ 2018ರಲ್ಲಿ ಪುಸ್ತಕವನ್ನು ಜಾಲಾಡಿ ಸುಮಾರು 1,600 ಕಡತಗಳನ್ನು ಪತ್ತೆ ಮಾಡಿತು. ಅವುಗಳಲ್ಲಿ ಕೆಲವು ಕಾನೂನು ಒಪ್ಪದ, ಮನುಷ್ಯರು ನೋಡಬಾರದ ಸಂಗತಿಗಳು. ಅವನ್ನೂ ತೆಗೆಯಲು ಬರುವುದಿಲ್ಲ.

2021ರಲ್ಲಿ ಎನ್ಎಫ್‌ಟಿ ಎಂಬ ಹೆಸರಿನಲ್ಲಿ ಡಿಜಿಟಲ್ ಕಲೆಯ ಮಾರಾಟ ಭರಾಟೆಯಿಂದ ನಡೆದಾಗ, ತೀರಿಕೊಂಡವರ ನೆನಪನ್ನು ಶಾಶ್ವತಗೊಳಿಸುತ್ತೇವೆಂಬ ಆಶ್ವಾಸನೆಗಳೂ ಕೇಳಿಬಂದವು. ಕೊಳ್ಳುವವರು ತಿಳಿಯಬೇಕಾದ ಸಂಗತಿಯೆಂದರೆ, ಇವುಗಳಲ್ಲಿ ಬಹುಪಾಲು ಚಿತ್ರಗಳು ಬ್ಲಾಕ್‌ಚೈನ್ ಒಳಗೆ ಇರುವುದೇ ಇಲ್ಲ. ಅಲ್ಲಿರುವುದು ಚಿತ್ರ ಎಲ್ಲಿದೆಯೆಂದು ಹೇಳುವ ವಿಳಾಸ ಮಾತ್ರ. ಚಿತ್ರವನ್ನು ಇರಿಸಿಕೊಂಡ ಕಂಪನಿ ಬಾಗಿಲು ಮುಚ್ಚಿದರೆ ವಿಳಾಸ ಉಳಿದು ಮನೆ ಮಾಯವಾಗುತ್ತದೆ.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆ ಬದುಕಿರುವವರದು. ಲೆನ್ ಸ್ಮಾರಕದಲ್ಲಿ ಅವರ ಮನೆಯವರ ಹೆಸರುಗಳೂ ಇವೆ. ಪ್ರೀತಿಯಿಂದಲೇ ಬರೆದದ್ದು. ಆದರೆ ಇಪ್ಪತ್ತು ವರ್ಷಗಳ ಮೇಲೆ ಯಾರಾದರೂ ತಮ್ಮ ಹೆಸರು ಅಲ್ಲಿ ಬೇಡವೆಂದರೆ ಅರ್ಜಿ ಕೊಡಲು ಕಚೇರಿಯಿಲ್ಲ, ಅಧಿಕಾರಿಯಿಲ್ಲ. ತನ್ನ ವಿವರಗಳನ್ನು ಅಳಿಸುವಂತೆ ಕೇಳುವ ಹಕ್ಕನ್ನು ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನು ಕೊಟ್ಟಿದೆ. ಭಾರತದ ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯಿದೆಯಲ್ಲೂ ಅಂಥ ಹಕ್ಕಿದೆ. ತಾನು ಸತ್ತ ಮೇಲೆ ತನ್ನ ಪರವಾಗಿ ಈ ಹಕ್ಕು ಚಲಾಯಿಸಲು, ಬ್ಯಾಂಕ್ ಖಾತೆಗೆ ಮಾಡಿದಂತೆ, ಒಬ್ಬರನ್ನು ನಾಮಿನಿಯಾಗಿ ಹೆಸರಿಸುವ ಅವಕಾಶವೂ ಅದರಲ್ಲಿದೆ. ಫೇಸ್‌ಬುಕ್ ಖಾತೆಯನ್ನೋ ಫೋಟೋ ಸಂಗ್ರಹವನ್ನೋ ಯಾರಿಗೆ ಒಪ್ಪಿಸಬೇಕೆಂಬ ಮಾತನ್ನು ಮನೆಗಳಲ್ಲಿ ಇನ್ನೂ ಯಾರೂ ಆಡುವುದಿಲ್ಲ. ಅಪಶಕುನವೆಂಬ ಅಳುಕು. ಆದರೆ ಒಡೆಯರೇ ಇಲ್ಲದ ಪುಸ್ತಕದ ಮುಂದೆ ಕಾನೂನಿನ ಕೈ ಎಷ್ಟು ಉದ್ದ ಚಾಚೀತು ಎಂಬುದನ್ನು ನ್ಯಾಯಶಾಸ್ತ್ರಜ್ಞರು ಇನ್ನೂ ಚರ್ಚಿಸುತ್ತಲೇ ಇದ್ದಾರೆ.

ಸ್ಮಾರಕ ಬರೆದ ಡ್ಯಾನ್ ಕಾಮಿನ್ಸ್ಕಿ 2021ರ ಏಪ್ರಿಲ್ 23ರಂದು ಮಧುಮೇಹದ ತೊಡಕಿನಿಂದ ತೀರಿಕೊಂಡರು. ವಯಸ್ಸು ನಲವತ್ತೆರಡು. 2008ರಲ್ಲಿ ಅಂತರ್ಜಾಲದ ವಿಳಾಸ ವ್ಯವಸ್ಥೆಯಲ್ಲಿದ್ದ ಭಾರಿ ದೋಷವೊಂದನ್ನು ಕಂಡುಹಿಡಿದು, ಅದನ್ನು ಕಳ್ಳರ ಕಿವಿಗೆ ಬೀಳಗೊಡದೆ, ದೊಡ್ಡ ಕಂಪನಿಗಳನ್ನೆಲ್ಲ ಗುಟ್ಟಾಗಿ ಕೂಡಿಸಿ ದುರಸ್ತಿ ಮಾಡಿಸಿದವರು ಅವರು. ಲೆನ್ ಮುಖದ ಕೆಳಗೆ ರುಜುವಿನಂತೆ ಅವರ ಹೆಸರಿದೆ. ಬರೆದಾಗ ಅದು ಬದುಕಿದ್ದವನ ಸಹಿ. ಈಗ ಓದುವವರಿಗೆ ಅದು ಎರಡನೆಯ ಸಮಾಧಿಯ ಬರಹ. ಅವರ ಇಸವಿಗಳನ್ನು ಅದೇ ಪುಟದಲ್ಲಿ ಸೇರಿಸುವಂತಿಲ್ಲ.

ಇಡೀ ಪುಸ್ತಕ ಇಂದು ಆರುನೂರು ಗಿಗಾಬೈಟ್ ಮೀರಿ ಬೆಳೆದಿದೆ. ಅಷ್ಟು ಜಾಗವಿರುವ ಕಂಪ್ಯೂಟರ್ ಮತ್ತು ಒಂದಿಷ್ಟು ತಾಳ್ಮೆ ಇದ್ದರೆ ಕಾಲೇಜು ಹುಡುಗನೊಬ್ಬ ಅದನ್ನು ಪುಕ್ಕಟೆಯಾಗಿ ಇಳಿಸಿಕೊಳ್ಳಬಹುದು. ಕಡತಗಳಿಂದ ಓದಬಲ್ಲ ಅಕ್ಷರಗಳನ್ನು ಮಾತ್ರ ಹೆಕ್ಕುವ ‘ಸ್ಟ್ರಿಂಗ್ಸ್’ ಎಂಬ ಹಳೆಯ ಆಜ್ಞೆಯನ್ನು 2011ರ ಭಾಗದ ಮೇಲೆ ಓಡಿಸಿದರೆ, ಅರ್ಥವಿಲ್ಲದ ಅಕ್ಷರಗಳ ರಾಶಿಯ ನಡುವೆ ಚುಕ್ಕಿಗಳ ಒಂದು ಮುಖ ಪರದೆಯ ಮೇಲೆ ಸರಿದು ಬರುತ್ತದೆ. ಅದರ ಕೆಳಗೆ ಕೊನೆಯ ಅಕ್ಷರವಿಲ್ಲದ ಹೆಸರು.